ದಾಳದಲ್ಲಿ ಒಂದು ಬಿದ್ದರೂ ಯಾರ ಕಣ್ಣಿಗೂ ಬೀಳದಿದ್ದ ಬಗ್ಗೆ

ದಿನಾಂಕ: ಶನಿವಾರ, ಬೀದಿ ದೀಪ ಹತ್ತುವ ಹೊತ್ತು

ಇಂದ:
ರೈಲ್ವೆಯ ನಿವೃತ್ತ ಟಿಕೆಟ್ ತಪಾಸಕ,
ಆಟದೊಳಗೆ 'ನೆರಳು' ಎಂಬ ಹೆಸರಿನ ಕಳ್ಳ,
ಸದ್ಯದ ವಿಳಾಸ: ಹಲ್ಲಿನ ಕ್ಲಿನಿಕ್ಕಿನ ಹೊರಗಿನ ಮೆಟ್ಟಿಲು, ಚಪ್ಪಲಿ ಗೂಡಿನ ಪಕ್ಕ.

ಗೆ:
ಮಾನ್ಯ ಆಟದ ಯಜಮಾನರು
(ವೃತ್ತಿಯಿಂದ ದಂತವೈದ್ಯರು, ಸಂಬಂಧದಿಂದ ಅರ್ಜಿದಾರನ ಹೆಂಡತಿಯ ಅಕ್ಕನ ಮಗ),
ಅದೇ ಕ್ಲಿನಿಕ್ಕಿನ ಕಾಯುವ ಕೋಣೆ, ಬಾಗಿಲ ಆಚೆ.

ಮುಖಾಂತರ: ಬಾಗಿಲ ಕೆಳಗಿನ ಸಂದಿ.

ವಿಷಯ: ಅರ್ಜಿದಾರನು ಈವರೆಗೆ ಯಶಸ್ವಿಯಾಗಿ ಅಡಗಿಕೊಂಡ ಎಲ್ಲ ಸಂದರ್ಭಗಳನ್ನೂ ಪೂರ್ವಾನ್ವಯವಾಗುವಂತೆ ವಿಫಲವೆಂದು ಘೋಷಿಸಿ, ಅವನನ್ನು ಸಿಕ್ಕಿಬಿದ್ದವನೆಂದು ಪರಿಗಣಿಸಿ, ಒಳಗೆ ಕರೆಸಿಕೊಳ್ಳುವ ಬಗ್ಗೆ.

ಉಲ್ಲೇಖ:
1. ಆಟದ ನಿಯಮ ಪುಸ್ತಕ, ಅಡಗುವ ಅಧ್ಯಾಯ, ಅರ್ಜಿದಾರನು ಕೆಂಪು ಗೆರೆ ಎಳೆದಿರುವ ಪ್ರತಿ.
2. "ಹೊರಗೆ ಹೋಗಿ ಚಿಕ್ಕಪ್ಪ" ಎಂಬ ತಮ್ಮ ಮೌಖಿಕ ಆದೇಶ, ಪ್ರತಿ ಶನಿವಾರದ್ದು.
3. ಕಳೆದ ಶನಿವಾರ ಅರ್ಜಿದಾರನ ಕಿವಿಗೆ ಬಿದ್ದ ತಮ್ಮ ಇನ್ನೊಂದು ಮಾತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನ ಸವಿನಯ ಬಿನ್ನಹವೇನೆಂದರೆ, ಇಂದು ಅವನಿಗೆ ದಾಳದಲ್ಲಿ ಬರೀ ಎರಡು ಬಿದ್ದರೂ, ಇಂದು ಸಹ ಅವನು ಯಾರಿಗೂ ಕಾಣಲಿಲ್ಲವೆಂದು ತಾವು ತೀರ್ಪಿತ್ತು, ಇಂದು ಸಹ ಅವನನ್ನು ಬಾಗಿಲ ಹೊರಗೆ ಕಳಿಸಿದ್ದೀರಿ. ಈ ಬಾರಿ ಅವನು ಜೇಬಿನಲ್ಲಿ ಕಾಗದ, ಪೆನ್ನು ಇಟ್ಟುಕೊಂಡೇ ಬಂದಿದ್ದನು. ಆ ಕಾರಣ ಈ ಅರ್ಜಿ.

1. ಅರ್ಜಿದಾರನು ತನ್ನ ಸೇವಾವಧಿಯುದ್ದಕ್ಕೂ ರೈಲಿನಲ್ಲಿ ಅಡಗಿದವರನ್ನು ಹಿಡಿದ ಮನುಷ್ಯ. ಬರ್ತಿನ ಕೆಳಗೆ ಟ್ರಂಕುಗಳ ಹಿಂದೆ ಮುದುಡಿದವರು, ಮುಸುಕು ಹೊದ್ದು ಗೊರಕೆ ನಟಿಸುವವರು, ಶೌಚಾಲಯದ ಚಿಲಕ ಹಾಕಿಕೊಂಡು ಮುಂದಿನ ನಿಲ್ದಾಣಕ್ಕಾಗಿ ಉಸಿರು ಬಿಗಿಹಿಡಿದವರು, ಎಲ್ಲರನ್ನೂ ಕಂಡಿದ್ದಾನೆ. ಗೊರಕೆ ನಟಿಸುವವನ ಕಾಲ್ಬೆರಳು ಮಾತ್ರ ಎಚ್ಚರವಾಗಿಯೇ ಇರುತ್ತದೆ ಎಂಬ ಸೂಕ್ಷ್ಮ ಅವನಿಗೆ ಗೊತ್ತು. ಆದ್ದರಿಂದ ಅಡಗುವುದೆಂದರೇನು ಎಂಬುದನ್ನು, ಊರವರ ಬಾಯಿ ತೆರೆಸಿ ಇಣುಕುವವರಿಂದ ಕಲಿಯಬೇಕಾದ ದರಿದ್ರ ಅವನಿಗೆ ಬಂದಿಲ್ಲ. ಇದನ್ನು ಮೊದಲೇ ದಾಖಲಿಸುವುದು ಸೂಕ್ತವೆಂದು ಭಾವಿಸಲಾಗಿದೆ.

2. ನಿವೃತ್ತಿಯ ನಂತರ ಅರ್ಜಿದಾರನು ಮನೆಯಲ್ಲಿ ಸುಮ್ಮನೆ ಕೂರಲಿಲ್ಲ. ಡಬ್ಬಿಗಳ ಮುಚ್ಚಳ ಡಬ್ಬಿಗಳ ಮೇಲೆಯೇ ಇವೆಯೇ, ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದೆಯೇ, ನಲ್ಲಿ ಬಿಗಿಯಾಗಿ ತಿರುಗಿಸಿದೆಯೇ ಎಂದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತಪಾಸಣೆ ಕೈಗೊಂಡನು. ಮನೆಯಾಕೆ ಪುಸ್ತಕ ಹಿಡಿದು ಕೂತರೆ ಯಾವ ಪುಸ್ತಕ, ಎಷ್ಟನೇ ಪುಟ ಎಂದು ವಿಚಾರಿಸಿಕೊಂಡನು. ಆಕೆ ಒಮ್ಮೆ, "ರೀ, ಇದು ಮನೆ. ಬೋಗಿ ಅಲ್ಲ" ಅಂದಳು. ಒಳ್ಳೆಯ ತಮಾಷೆಯೆಂದು ಅರ್ಜಿದಾರನು ಗಹಗಹಿಸಿ ನಕ್ಕನು. ಆಕೆ ನಕ್ಕಳೋ ಇಲ್ಲವೋ ಎಂದು ನೋಡಿಕೊಂಡದ್ದು ನೆನಪಿಲ್ಲ.

ಅಂಥ ದಿನಗಳಲ್ಲಿ ತಾವು ಮನೆಗೆ ಬಂದಿರಿ. "ಚಿಕ್ಕಪ್ಪ, ಶನಿವಾರ ಸಂಜೆ ನಾವೊಂದು ಆಟ ಆಡ್ತೀವಿ. ಎಲ್ಲಾ ಇದೆ, ನಿಯಮ ಬಲ್ಲೋರು ಮಾತ್ರ ಇಲ್ಲ. ನಿಮ್ಮಂಥೋರು ಒಬ್ರು ಬೇಕೇ ಬೇಕು" ಅಂದಿರಿ. ಅರ್ಜಿದಾರನು ಉಬ್ಬಿಹೋದನು. ಮಾರನೆಯ ದಿನವೇ ಹೊಸ ಅಂಗಿ ಹೊಲಿಯಲು ಕೊಟ್ಟನೆಂಬುದನ್ನೂ ಮುಚ್ಚಿಡುವುದಿಲ್ಲ.

3. ಕಡತ ನೋಡುವ ಮೂರನೆಯವರ ತಿಳಿವಳಿಕೆಗಾಗಿ: ಈ ಆಟದಲ್ಲಿ ಯಜಮಾನರಾದ ತಾವು ಕೋಟೆ, ಗವಿ, ರಾಕ್ಷಸರ ಕಥೆ ಹೇಳುತ್ತೀರಿ. ಉಳಿದವರು ಕಥೆಯೊಳಗೆ ಒಂದೊಂದು ಪಾತ್ರವಾಗಿ, ಮೇಜಿನ ಸುತ್ತ ಕೂತು, ತಮ್ಮ ಪಾತ್ರ ಏನು ಮಾಡಿತೆಂದು ಹೇಳುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕೆಳಗಿನ ಔಷಧಿ ಅಂಗಡಿಯವನು ಕೊಡಲಿ ಹಿಡಿದ ಮಹಾವೀರ. ಹಗಲೆಲ್ಲ ಮಾತ್ರೆ ಎಣಿಸುವ ಕೈಗೆ ಸಂಜೆ ಕೊಡಲಿ. ತಮ್ಮ ಕ್ಲಿನಿಕ್ಕಿನಲ್ಲಿ ಟೋಕನ್ ಕರೆಯುವ ಹುಡುಗಿ ಮಾಟಗಾತಿ. ಅರ್ಜಿದಾರನಿಗೆ, "ನಿಯಮ ಬಲ್ಲೋರೇ ಕಳ್ಳ ಆಗ್ಬೇಕು ಚಿಕ್ಕಪ್ಪ" ಎಂದು ಕಳ್ಳನ ಪಾತ್ರ ಕೊಡಲಾಯಿತು. ಜೀವಮಾನವಿಡೀ ಟಿಕೆಟ್ ಕೇಳಿದವನು ಟಿಕೆಟ್ ಇಲ್ಲದವನಾದನು.

4. ಅಡಗುವ ನಿಯಮ ಇಷ್ಟೇ. ಕಳ್ಳನಿಗೊಂದು ಮರೆ ಬೇಕು. ನೋಡುತ್ತಿರುವವನ ಕಣ್ಣೆದುರಿಗೇ ಅಡಗುವಂತಿಲ್ಲ. ದಾಳ ಹಾಕಿ, ಕಾವಲುಗಾರನ ಎಚ್ಚರದ ಅಂಕಕ್ಕಿಂತ ಹೆಚ್ಚು ಬಂದರೆ ಅಡಗಿದ ಹಾಗೆ. ದಾಳದಲ್ಲಿ ಒಂದು ಬಿದ್ದರಂತೂ ಎಂಥ ಕಳ್ಳನೂ ಸಿಕ್ಕಿಬಿದ್ದ ಹಾಗೆಯೇ. ಅದಕ್ಕೆ ವಿನಾಯಿತಿ ಇಲ್ಲ. ಓದಿದವರಿಗೆ ಅರ್ಥವಾಗುವಂತೆ ಅಚ್ಚುಕಟ್ಟಾಗಿ ಬರೆದಿದೆ. ಆದರೆ ಮೇಜಿನ ಸುತ್ತ ಅರ್ಜಿದಾರನ ಹೊರತು ಅದನ್ನು ಓದಿದವರು ಯಾರೂ ಇರಲಿಲ್ಲ. ಆದ್ದರಿಂದ ಮೊದಲ ವಾರಗಳಲ್ಲಿ ಅವರಿಗೆ ತಿಳಿಹೇಳುವ ಹೊರೆ ಅವನ ಮೇಲೆಯೇ ಬಿತ್ತು.

ಉದಾಹರಣೆಗೆ, ಕಳ್ಳ ಕಂಬದ ಹಿಂದೆ ನಿಂತಿದ್ದಾನೆ, ಅಡಗಿದ ಹಾಗೆಯೇ ಲೆಕ್ಕ ಎಂದು ತಾವು ಒಮ್ಮೆ ಹೇಳಿದಿರಿ. ಅರ್ಜಿದಾರನು ತನ್ನ ಪಾತ್ರದ ಲಾಭವನ್ನೂ ಲೆಕ್ಕಿಸದೆ ಆಕ್ಷೇಪಣೆ ಎತ್ತಿದನು.

"ಕಂಬ ಎಷ್ಟು ದಪ್ಪ?"

"ದಪ್ಪ ಇದೆ ಚಿಕ್ಕಪ್ಪ."

"ದಪ್ಪ ಅಂದ್ರೆ? ಕಳ್ಳನ ಹೊಟ್ಟೆಗಿಂತ ದಪ್ಪವೋ, ಸಣ್ಣದೋ? ಹೊಟ್ಟೆ ಆ ಕಡೆ ಕಂಡ್ರೆ ಅದು ಅರ್ಧ ಮರೆ. ಅರ್ಧ ಮರೆಗೆ ಪುಸ್ತಕದಲ್ಲಿ ಬೇರೆ ಲೆಕ್ಕ ಇದೆ."

"ಸ್ವಾಮಿ," ಎಂದನು ಔಷಧಿ ಅಂಗಡಿಯವನು, "ನಾನು ಅಲ್ಲಿ ರಾಕ್ಷಸನ ಮುಂದೆ ಕೊಡಲಿ ಎತ್ಕೊಂಡು ನಿಂತಿದ್ದೀನಿ. ಕಂಬ ಬಿಟ್ಟು ಈ ಕಡೆ ಸ್ವಲ್ಪ ನೋಡ್ತೀರಾ?"

ಅರ್ಜಿದಾರನು ನೋಡಲಿಲ್ಲ. ಶೌಚಾಲಯದ ಚಿಲಕದ ಒಂದು ಪ್ರಕರಣವನ್ನು ಮೊದಲಿನಿಂದ ವಿವರಿಸಿದನು, ಅದರಿಂದ ಇನ್ನೊಂದು ನೆನಪಾಗಿ ಅದನ್ನೂ ವಿವರಿಸಿದನು. ಕ್ಲಿನಿಕ್ಕಿನ ಬೀಗ ಹಾಕುವವನು ಬಂದಾಗಲೂ ಔಷಧಿ ಅಂಗಡಿಯವನ ಕೊಡಲಿ ಎತ್ತಿದಲ್ಲೇ ಇತ್ತು. ಹೋಗುವಾಗ ಅವನು ಅರ್ಜಿದಾರನಿಗೆ ಹೇಳಿ ಹೋಗಲಿಲ್ಲ. ಸೋಲನ್ನು ಒಪ್ಪಿಕೊಳ್ಳಲಾಗದವರ ಸ್ವಭಾವವೇ ಹಾಗೆ ಎಂದು ಅರ್ಜಿದಾರನು ಅಂದು ತಿಳಿದಿದ್ದನು.

5. ಅದರ ಮುಂದಿನ ಶನಿವಾರ ತಾವು ಹೊಸ ನಿಯಮ ತಂದಿರಿ. ಅದು ಪುಸ್ತಕದಲ್ಲಿಲ್ಲ. "ಅಡಗಿದವನು ಮೇಜಿನ ಬಳಿ ಇರತಕ್ಕದ್ದಲ್ಲ. ಅವನು ಎಲ್ಲಿದ್ದಾನೆ ಎಂಬುದು ಬೇರೆ ಆಟಗಾರರಿಗೆ ತಿಳಿಯಬಾರದಾದ್ದರಿಂದ, ಸಿಕ್ಕಿಬೀಳುವವರೆಗೆ ಅವನು ಬಾಗಿಲ ಹೊರಗೆ ಇರತಕ್ಕದ್ದು." ಅಷ್ಟೂ ಜನರಲ್ಲಿ ಇದಕ್ಕೆ ಮೊದಲು ಕೈ ಎತ್ತಿ ಒಪ್ಪಿದವನು ಅರ್ಜಿದಾರನೇ. ಇಂಥ ಶಿಸ್ತು ಮೊದಲೇ ಬರಬೇಕಿತ್ತು ಎಂದು ಭಾಷಣ ಬೇರೆ ಮಾಡಿದನು. ಕೊಡಲಿಯವನೂ ಮಾಟಗಾತಿಯೂ ಅಡಗುವವರ ಪೈಕಿ ಅಲ್ಲ, ಈ ನಿಯಮ ಅನ್ವಯಿಸುವುದು ತನ್ನೊಬ್ಬನಿಗೇ ಎಂಬುದು ರೈಲ್ವೆ ನಿಯಮಾವಳಿಯನ್ನು ಬಾಯಿಪಾಠ ಮಾಡಿದ ಈ ಮಹಾನುಭಾವನಿಗೆ ಹೊಳೆಯಲಿಲ್ಲ.

6. ಅಲ್ಲಿಂದ ಮುಂದೆ ಅರ್ಜಿದಾರನು ಅಡಗಿದ ಕಡೆಯಲ್ಲೆಲ್ಲ ಗೆದ್ದನು. ಹಗ್ಗದ ಹಿಂದೆ ಅಡಗಿದನು. ಬಿಳಿ ಕುದುರೆಯ ಮೇಲೆ ಕೂತು ಹೊಗಳುಭಟರ ನಡುವೆ ಅಡಗಿದನು. ಕೈಯಲ್ಲಿ ಪಂಜು ಹಿಡಿದು ಕತ್ತಲಲ್ಲಿ ಅಡಗಿದನು. ಪಂಜು ಮಾತ್ರ ಕಂಡಿತು, ಹಿಡಿದವನು ಕಾಣಲಿಲ್ಲ ಎಂದು ತಾವು ತೀರ್ಪಿತ್ತಿರಿ. ಇವೆಲ್ಲಕ್ಕೂ ಕಳಶವಿಟ್ಟಂತೆ ಒಂದು ಶನಿವಾರ, ಕೋಟೆಯ ಅಂಗಳದಲ್ಲಿ, ನಡು ಮಧ್ಯಾಹ್ನ, ಮರವಿಲ್ಲ, ಕಲ್ಲಿಲ್ಲ, ಕಾವಲುಗಾರರ ಸಾಲು ಎದುರಿಗೇ ನಿಂತಿರುವಾಗ ಅವನು ದಾಳ ಹಾಕಿದನು. ಒಂದು ಬಿತ್ತು.

"ಕಾವಲುಗಾರನಿಗೆ ಸೀನು ಬಂತು ಚಿಕ್ಕಪ್ಪ. ಕಣ್ಮುಚ್ಚಿಬಿಟ್ಟ" ಅಂದಿರಿ.

"ಎಲ್ಲರಿಗೂ ಒಟ್ಟಿಗೇನಾ?" ಎಂದು ಟೋಕನ್ ಹುಡುಗಿ ಕೇಳಿದಳು.

"ಧೂಳಮ್ಮ. ಅಂಗಳ ಗುಡಿಸಿರಲಿಲ್ಲ. ಹೊರಗೆ ಹೋಗಿ ಚಿಕ್ಕಪ್ಪ."

ಅರ್ಜಿದಾರನು ಎದೆಯುಬ್ಬಿಸಿ ಹೊರಗೆ ಹೋದನು. ನಿಯಮಕ್ಕೆ ಕೂದಲೆಳೆಯ ಸಡಿಲ ಬಿಡದವನು, ತನ್ನ ಪಾಲಿಗೆ ನಿಯಮವೇ ಮುರಿದು ಬಿದ್ದಾಗ ಅದನ್ನು ತನ್ನ ಪ್ರತಿಭೆಯೆಂದು ತಿಳಿದನು. ಮನೆಗೆ ಹೋಗಿ, "ಒಂದು ಬಿದ್ರೂ ಸಿಗ್ಲಿಲ್ಲ ಗೊತ್ತಾ!" ಎಂದು ಹೆಂಡತಿಗೆ ವರದಿ ಒಪ್ಪಿಸಿದನು. ಆಕೆ, "ನೀವು ಯಾರಿಗೆ ಸಿಗ್ತೀರಿ ಬಿಡಿ" ಅಂದಳು.

ಸದರಿ ಮೆಟ್ಟಿಲಲ್ಲಿ ಅವನು ಕಳೆದ ಕಾಲದ ಬಗ್ಗೆ ವಿವರ ಬೇಕಿದ್ದರೆ: ಗೋಡೆಯ ಮೇಲೆ ಹಲ್ಲುಜ್ಜುವ ಸರಿಯಾದ ವಿಧಾನದ ಚಿತ್ರಪಟವಿದೆ. ಅದು ಅವನಿಗೆ ಬಾಯಿಪಾಠವಾಗಿದೆ. ಆಗೊಮ್ಮೆ ಈಗೊಮ್ಮೆ ತಾವು ಬಾಗಿಲು ತೆರೆದು, "ಇನ್ನೂ ಅಡಗೇ ಇದ್ದೀರಾ?" ಎಂದು ಕೇಳುತ್ತಿದ್ದಿರಿ. "ಇದ್ದೇನೆ" ಎಂದು ಅವನು ಪಿಸುಗುಟ್ಟುತ್ತಿದ್ದನು. "ಭೇಷ್" ಎಂದು ತಾವು ಬಾಗಿಲು ಹಾಕಿಕೊಳ್ಳುತ್ತಿದ್ದಿರಿ.

7. ಕಳೆದ ಶನಿವಾರ ಟೋಕನ್ ಹುಡುಗಿಗೆ ನೆಗಡಿಯಾಗಿತ್ತು. ಆ ಕಾರಣ ಕಾಯುವ ಕೋಣೆಯ ಫ್ಯಾನ್ ಹಾಕಿರಲಿಲ್ಲ. ಅದರ ಗಡಗಡ ಸದ್ದಿಲ್ಲದ ಕಾರಣ, ಬಾಗಿಲಿಗೆ ಒರಗಿ ನಿಂತ ಅರ್ಜಿದಾರನಿಗೆ ಒಳಗಿನ ಮಾತು ಅಕ್ಷರ ಅಕ್ಷರವೂ ಕೇಳಿಸಿತು.

"ಡಾಕ್ಟ್ರೇ, ಪಾಪ, ಆಗಿಂದ ನಿಂತಿದ್ದಾರೆ. ಇವತ್ತಾದ್ರೂ ಸಿಕ್ಕಿಬೀಳಿಸಿ." ಇದು ಹುಡುಗಿ.

"ಬೇಡಮ್ಮಾ ತಾಯಿ. ಒಳಗೆ ಬಂದ್ರೆ ಕಂಬದ ದಪ್ಪ ಅಳೀತಾರೆ." ಇದು ಔಷಧಿ ಅಂಗಡಿಯವನು.

ಆಮೇಲೆ ತಾವು: "ನಂಗೇನು ಖುಷೀನಾ? ಚಿಕ್ಕಮ್ಮ ಹಲ್ಲುನೋವು ಅಂತ ಬಂದ್ರು. ನೋಡಿದ್ರೆ ಹಲ್ಲಿಗೆ ಏನೂ ಆಗಿಲ್ಲ. ಆ ಕುರ್ಚೀಲೇ ಕೂತು ಅತ್ತುಬಿಟ್ರು. 'ವಾರಕ್ಕೊಂದು ಸಂಜೆ ನನ್ನ ಪಾಡಿಗೆ ನಾನು ಇರ್ಬೇಕು ಕಣೋ. ಅವರನ್ನ ಎಲ್ಲಾದ್ರೂ ಕೂರಿಸ್ಕೋ' ಅಂದ್ರು. ಇಲ್ಲಿ ಕೂರಿಸ್ಕೊಂಡ್ರೆ ಆಟ ಆಗಲ್ಲ. ಅದಕ್ಕೇ ಹೊರಗೆ ಅಡಗಿಸಿಟ್ಟಿದ್ದೀನಿ."

ಅದರ ನಂತರ ಯಾರೋ ದಾಳ ಹಾಕಿದ ಸದ್ದು ಕೇಳಿತು. ಆಟ ಮುಂದುವರಿಯಿತು.

ಹೊರಗೆ ಕೇಳಿದ್ದು ಆಟದ ಹೊರಗಿನ ಮಾತು, ಅದನ್ನು ಆಟದೊಳಗೆ ತರುವಂತಿಲ್ಲ ಎಂದು ಔಷಧಿ ಅಂಗಡಿಯವನು ವಾದಿಸಬಹುದು. ಈ ವಾದವನ್ನು ಅರ್ಜಿದಾರನು ತಿರಸ್ಕರಿಸುತ್ತಾನೆ. ಅವನು ಬಾಗಿಲ ಹೊರಗೆ ನಿಂತದ್ದೇ ಆಟದ ನಿಯಮದ ಪ್ರಕಾರ. ನಿಯಮದ ಪ್ರಕಾರ ನಿಂತವನ ಕಿವಿಯೂ ನಿಯಮಬದ್ಧವೇ.

8. ಅರ್ಜಿದಾರನು ಮೆಟ್ಟಿಲಿಳಿದು ಹೋದದ್ದು ತಮಗೆ ತಿಳಿಯಲಿಲ್ಲ. ಈ ಆಟಕ್ಕೆ ಸೇರಿದ ಮೇಲೆ ಅವನು ಯಾರಿಗೂ ಕಾಣದೆ ಮಾಡಿದ ಕೆಲಸವೆಂದರೆ ಇದೊಂದೇ. ದಾರಿಯುದ್ದಕ್ಕೂ ಅವನ ಮೈ ಉರಿಯುತ್ತಿತ್ತು. "ಏನೇ ಇದು, ನಿನ್ನ ಹಲ್ಲುನೋವು? ಊರ ಮುಂದೆ ನನ್ನ ಮಾನ ಹರಾಜು ಹಾಕಿದ್ದೀಯಲ್ಲ?" ಎಂಬ ಮಾತನ್ನು ಅಂಗಡಿ ಬೀದಿಯಲ್ಲಿ ಒಮ್ಮೆ, ತಿರುವಿನಲ್ಲಿ ಒಮ್ಮೆ, ಬೇರೆ ಬೇರೆ ದನಿಯಲ್ಲಿ ಹೇಳಿ ನೋಡಿಕೊಂಡನು.

ಮನೆಯ ಕಿಟಕಿ ತೆರೆದಿತ್ತು. ಕೋಣೆ ಕೋಣೆಯಲ್ಲೂ ದೀಪ ಉರಿಯುತ್ತಿತ್ತು. ಡಬ್ಬಿಗಳ ಮುಚ್ಚಳಗಳೆಲ್ಲ ಮೇಜಿನ ಮೇಲೆ ಹರಡಿ ಬಿದ್ದಿದ್ದವು. ಹೆಂಡತಿ ಕೋಣೆಯ ನಡುವೆ ಕಾಲು ಚಾಚಿ ಕೂತು, ಕೈಯಲ್ಲಿ ಏನೂ ಇಲ್ಲದೆ, ಗೋಡೆ ನೋಡುತ್ತಾ ಏನೋ ಗುನುಗುತ್ತಿದ್ದಳು. ರಾಗವಿಲ್ಲ, ತಾಳವಿಲ್ಲ. ಮದುವೆಯಾದ ಹೊಸತರಲ್ಲಿ, ಅರ್ಜಿದಾರನು ರೈಲಿನ ಕೆಲಸ ಮುಗಿಸಿ ಬರುವಾಗ ಬಾಗಿಲ ಹೊರಗೇ ಕೇಳಿಸುತ್ತಿದ್ದ ಗುನುಗು ಅದು. ಅವನು ಮನೆಯಲ್ಲೇ ಉಳಿದ ಮೇಲೆ ಅದು ನಿಂತುಹೋಗಿತ್ತು. ನಿಂತಿದೆ ಎಂಬುದೂ, ಮನೆಯ ಪ್ರತಿ ನಲ್ಲಿಯ ಹನಿಯನ್ನು ಎಣಿಸುತ್ತಿದ್ದ ಈ ತಪಾಸಕನ ಗಮನಕ್ಕೆ ಬಂದಿರಲಿಲ್ಲ.

ಅರ್ಜಿದಾರನಿಗೆ ಅಳು ಬಂತು. ಅರ್ಜಿಗಳಲ್ಲಿ ಹೀಗೆಲ್ಲ ಬರೆಯುವ ಪದ್ಧತಿಯಿಲ್ಲ, ಆದರೂ ಬಂದದ್ದು ಬಂತು. ಬಾಗಿಲು ತಟ್ಟಿದರೆ ಗುನುಗು ನಿಲ್ಲುತ್ತದೆ. ಆದ್ದರಿಂದ ಅವನು ಎದುರು ಮನೆಯವರ ಸ್ಕೂಟರಿನ ಹಿಂದೆ ಹೋಗಿ ಕೂತನು. ಕೂತರೆ ಮಂಡಿ ನೋವು, ಆ ಕಾರಣ ನಿಂತನು. ಮೇಲೆ ಬೀದಿ ದೀಪ. ಸ್ಕೂಟರಿನ ಎರಡೂ ಕಡೆ ಅವನ ಮೈ ಧಾರಾಳವಾಗಿ ಕಾಣುತ್ತಿತ್ತು. ಪುಸ್ತಕದ ಪ್ರಕಾರ ಇದು ಅರ್ಧ ಮರೆಯೂ ಅಲ್ಲ.

ಸ್ವಲ್ಪ ಹೊತ್ತಿನಲ್ಲಿ ಹೆಂಡತಿ ಮೇಜಿನ ಬಟ್ಟೆ ಕೊಡವಲು ಹೊರಗೆ ಬಂದಳು. ಕೊಡವಿದಳು. ತಲೆ ಎತ್ತಿದವಳು ನೇರವಾಗಿ ಸ್ಕೂಟರಿನ ಕಡೆ ನೋಡಿದಳು. ಅರ್ಜಿದಾರನು ಉಸಿರು ಬಿಗಿಹಿಡಿದನು. ಆಕೆ ಬಟ್ಟೆಯನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು. ಮತ್ತೆ ಗುನುಗು ಕೇಳಿಸಿತು.

ಎಂದಿನ ಹೊತ್ತಿಗೆ ಅವನು ಮನೆಯೊಳಗೆ ಹೋದನು.

"ಆಟ ಹೇಗಾಯ್ತು?" ಎಂದು ಆಕೆ ಕೇಳಿದಳು.

"ಯಾರಿಗೂ ಸಿಗ್ಲಿಲ್ಲ."

"ಹೂಂ. ಕೂತ್ಕೊಳ್ಳಿ. ನಿಂತು ನಿಂತು ಕಾಲು ಸೋತಿರುತ್ತೆ."

ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ತಾನು ಮೆಟ್ಟಿಲಲ್ಲಿ ನಿಲ್ಲುವ ವಿಚಾರವನ್ನು ಅರ್ಜಿದಾರನು ಆಕೆಗೆ ಎಂದೂ ಹೇಳಿಲ್ಲ. ಎಲ್ಲರೂ ಮೇಜಿನ ಸುತ್ತ ಕೂತು ಆಡುತ್ತೇವೆ, ನಡುವೆ ನನ್ನ ಕುರ್ಚಿ ಎಂದೇ ಕೊಚ್ಚಿಕೊಂಡಿದ್ದಾನೆ.

9. ಈ ಕಾರಣದಿಂದ ಒಂದು ನಿಯಮದ ಪ್ರಶ್ನೆ ಉದ್ಭವಿಸಿದ್ದು, ಅದನ್ನು ತಮ್ಮ ತೀರ್ಮಾನಕ್ಕೆ ಸಲ್ಲಿಸಲಾಗಿದೆ. ಕಾಣದಿದ್ದರೆ ಅಡಗಿದ ಹಾಗೆ, ಕಂಡರೆ ಸಿಕ್ಕಿಬಿದ್ದ ಹಾಗೆ ಎಂದು ಪುಸ್ತಕ ಹೇಳುತ್ತದೆ. ಕಂಡವರು ಕಂಡೂ ಸುಮ್ಮನೆ ಒಳಗೆ ಹೋದರೆ ಆ ಮನುಷ್ಯ ಯಾವ ಲೆಕ್ಕಕ್ಕೆ ಸೇರುತ್ತಾನೆ ಎಂಬುದು ಅದರಲ್ಲಿಲ್ಲ. ಅರ್ಜಿದಾರನು ಈ ವಾರವೆಲ್ಲ ಅಡಗುವ ಅಧ್ಯಾಯವನ್ನು ಹಿಂದುಮುಂದಾಗಿ ಓದಿದ್ದಾನೆ. ಎಲ್ಲೂ ಇಲ್ಲ. ತಾವೂ, ಕೊಡಲಿಯವನೂ, ಮಾಟಗಾತಿಯೂ ಇಷ್ಟು ಕಾಲ ಮಾಡಿಕೊಂಡು ಬಂದದ್ದು ಇದನ್ನೇ ಆದ್ದರಿಂದ, ಅನುಭವಸ್ಥರಾದ ತಾವೇ ಹೇಳಬೇಕು.

10. ಆದ್ದರಿಂದ ತಮ್ಮಲ್ಲಿ ಕೋರುವುದೇನೆಂದರೆ:

ಅ) ಹಗ್ಗ, ಬಿಳಿ ಕುದುರೆ, ಪಂಜು, ನಡು ಮಧ್ಯಾಹ್ನದ ಅಂಗಳ, ಇಂದಿನ ಎರಡು ಸೇರಿದಂತೆ ಎಲ್ಲವನ್ನೂ ವಿಫಲವೆಂದು ಘೋಷಿಸುವುದು. ಕಳ್ಳನನ್ನು ಸೆರೆಮನೆಗೆ ಹಾಕಿದರೂ ಅಡ್ಡಿಯಿಲ್ಲ. ಸೆರೆಮನೆ ಮೇಜಿನ ಮೇಲಿದ್ದರೆ ಸಾಕು.

ಆ) ಒಳಗೆ ಕರೆಸಿಕೊಂಡಲ್ಲಿ ಅರ್ಜಿದಾರನು ತನ್ನ ಸರದಿ ಬಂದಾಗ ಮಾತ್ರ ಬಾಯಿ ತೆರೆಯುತ್ತಾನೆ. ಚಿಲಕದ ಪ್ರಕರಣಗಳನ್ನು ಹೇಳುವುದಿಲ್ಲ. ಔಷಧಿ ಅಂಗಡಿಯವನು ರಾಕ್ಷಸನ ಕುತ್ತಿಗೆಯನ್ನು ಕೊಡಲಿಯ ಹಿಡಿಯಿಂದಲೇ ಕತ್ತರಿಸಿದರೂ, ಆ ಅಜ್ಞಾನವನ್ನು ಸಹಿಸಿಕೊಂಡು, ಚಪ್ಪಾಳೆ ತಟ್ಟುತ್ತಾನೆ. ಈ ಬಗ್ಗೆ ಮುಚ್ಚಳಿಕೆ ಬರೆದುಕೊಡಲು ಸಿದ್ಧನಿದ್ದಾನೆ.

ಇ) ಅರ್ಜಿದಾರನಿಗೆ ವಿಷಯ ತಿಳಿದಿದೆ ಎಂಬುದನ್ನು ತಮ್ಮ ಚಿಕ್ಕಮ್ಮನಿಗೆ ಯಾವ ಕಾರಣಕ್ಕೂ ತಿಳಿಸಕೂಡದು.

ಈ) ತಮಗೆ ಜ್ವರ ಬರಲಿ, ಕರೆಂಟು ಹೋಗಲಿ, ಶನಿವಾರದ ಆಟವನ್ನು ರದ್ದು ಮಾಡಕೂಡದು. ಸಾಧ್ಯವಾದಲ್ಲಿ ಬುಧವಾರವನ್ನೂ ಸೇರಿಸುವುದು.

ಇಂತಿ ತಮ್ಮ ವಿಶ್ವಾಸಿ,
ಅರ್ಥಾತ್ ಕಳೆದ ಶನಿವಾರದವರೆಗೆ ತಮ್ಮ ಮಾತನ್ನೆಲ್ಲ ನಂಬಿದವನು,
(ಸಹಿ)
ನಿವೃತ್ತ ಟಿಕೆಟ್ ತಪಾಸಕ, ಅಡಗಿದ ಸ್ಥಿತಿಯಲ್ಲಿ

ಅಡಕಗಳು:
1. ನಿಯಮ ಪುಸ್ತಕದ ಅಡಗುವ ಅಧ್ಯಾಯ. ಕೆಂಪು ಗೆರೆಗಳನ್ನು ನಿರ್ಲಕ್ಷಿಸುವುದು.
2. ಇಪ್ಪತ್ತು ಮುಖದ ದಾಳ ಒಂದು. ಸಂದಿಯಲ್ಲಿ ತೂರದ ಕಾರಣ ಚಪ್ಪಲಿ ಗೂಡಿನ ಮೇಲೆ ಇಡಲಾಗಿದೆ.
3. ಮನೆಯಾಕೆಗೆ ತಾವು ನೆಪಕ್ಕೆ ಬರೆದುಕೊಟ್ಟ ಹಲ್ಲುನೋವಿನ ಮಾತ್ರೆಗಳು. ಒಂದನ್ನೂ ಬಿಡಿಸಿಲ್ಲ.

ಷರಾ: ಮೇಲಿನ ಅ ಮತ್ತು ಆ ಕೋರಿಕೆಗಳನ್ನು ಪುರಸ್ಕರಿಸಲು ಸಾಧ್ಯವಿಲ್ಲವೆಂದು ತಾವು ಮೂವರೂ ತೀರ್ಮಾನಿಸಿದಲ್ಲಿ, ಅದಕ್ಕೆ ಅರ್ಜಿದಾರನ ಆಕ್ಷೇಪಣೆ ಇರುವುದಿಲ್ಲ. ಹೇಗೂ ಆಟ ಮುಗಿಯುವ ಹೊತ್ತಿನವರೆಗೆ ಅವನು ಮನೆಗೆ ಹೋಗುವಂತಿಲ್ಲ. ಆದ್ದರಿಂದ ಕಾಯುವ ಕೋಣೆಯಿಂದ ಒಂದು ಕುರ್ಚಿಯನ್ನು, ಕೈ ಮುರಿದದ್ದಾದರೂ ಸರಿ, ಬಾಗಿಲ ಹೊರಗೆ ಹಾಕಿಸಿಕೊಡಬೇಕಾಗಿ ವಿನಂತಿ.